ಸಮೋವಾದ ಹೆಸರೂ ನಮ್ಮಕ್ಕನ ತಕರಾರೂ

ನಮ್ಮಕ್ಕನ ಮುಂದೆ ಅಪ್ಪಿತಪ್ಪಿಯೂ ನಿಮ್ಮ ಹೆಸರು ಹೇಳಬೇಡಿ. ಹೇಳಿದಿರೋ, ಅದರ ಅರ್ಥ ಹೇಳುವವರೆಗೂ ಬಿಡುವವಳಲ್ಲ! ಗಾಂಧಿ ಬಜಾರಿನಲ್ಲಿ ಹೂ ಮಾರುವಾಕೆಯ ಮಗಳ ಹೆಸರು ರಿಯಾನ್ಷಿ ಎಂದು ತಿಳಿದ ದಿನ ಮಲ್ಲಿಗೆ ಕೊಳ್ಳುವುದನ್ನೇ ಮರೆತು, "ಹಂಗಂದ್ರೇನಮ್ಮ?" ಎಂದು ನಿಂತುಬಿಟ್ಟಳು. "ಗೊತ್ತಿಲ್ಲಕ್ಕ, ಮೊಬೈಲ್‌ನಲ್ಲಿತ್ತು" ಎಂದಳು ಆಕೆ. ಅಕ್ಕ ಮನೆ ಸೇರುವವರೆಗೂ ಗೊಣಗುತ್ತಲೇ ಇದ್ದಳು.

ಇಂಥವಳು ನನ್ನ ಮಗಳಿಗೆ ಸೋದರತ್ತೆ. ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಅವಳದು. ನನ್ನ ಹೆಂಡತಿ ಆರಿಸಿದ ಹೆಸರೋ, ಸಿನಾ. ಚಾಮರಾಜಪೇಟೆಯ ಹಾಸ್ಟೆಲಿನಲ್ಲಿ ಅವಳ ಕೋಣೆಯಲ್ಲೇ ಇದ್ದು, ಜ್ವರ ಬಂದಾಗ ಗಂಜಿ ಕುಡಿಸಿದ ಗೆಳತಿಯ ಹೆಸರು. ಗೆಳತಿ ಶಾಂತಸಾಗರದ ಸಮೋವಾ ದ್ವೀಪದವಳು.

"ನಗರ್ತಪೇಟೇಲಿ ನಿಂತ್ಕೊಂಡು ಸೀನಾ ಅಂತ ಕೂಗು, ಹತ್ತು ಜನ ಗಂಡಸರು ತಿರುಗಿ ನೋಡ್ತಾರೆ. ಅರ್ಥ ಹೇಳ್ದೆ ಇದ್ರೆ ನಾನು ತೊಟ್ಟಿಲ ಹತ್ರಾನೂ ಬರಲ್ಲ" ಎಂದಳು ಅಕ್ಕ.

ಹೆಂಡತಿಯ ಕಣ್ಣು ತುಂಬಿತು. ಹೋಳಿಗೆಗೆ ಹೇಳಿಯಾಗಿತ್ತು, ತೊಟ್ಟಿಲೂ ಬಂದಿತ್ತು. ಸೋದರತ್ತೆಯಿಲ್ಲದೆ ನಾಮಕರಣವೇ? ವಿಧಿಯಿಲ್ಲದೆ ಗೆಳತಿಗೇ ವಿಡಿಯೋ ಕಾಲ್ ಮಾಡಿದೆವು.

ಆಕೆ ಅರೆಬರೆ ಕನ್ನಡದಲ್ಲಿ ವಿವರಿಸಿದಳು. ಸಿನಾ ಎಂದರೆ ಬಿಳುಪು, ಬೆಳದಿಂಗಳಂಥ ಬಿಳುಪು. ಹಿಂದೆ ಸಿನಾ ಎಂಬ ಹುಡುಗಿಯನ್ನು ಒಂದು ಹಾವುಮೀನು ಪ್ರೀತಿಸಿತಂತೆ. ಸಾಯುವಾಗ, ನನ್ನ ತಲೆಯನ್ನು ನಿನ್ನ ಅಂಗಳದಲ್ಲಿ ಹೂಳು ಎಂದಿತಂತೆ. ಅಲ್ಲಿ ಹುಟ್ಟಿದ್ದೇ ಮೊದಲ ತೆಂಗಿನ ಮರ! ಕಾಯಿಯಲ್ಲಿರುವ ಮೂರು ಗುರುತುಗಳಲ್ಲಿ ಎರಡು ಮೀನಿನ ಕಣ್ಣು, ಒಂದು ಬಾಯಿ. ಅದರ ನೀರು ಕುಡಿದಾಗಲೆಲ್ಲ ಸಿನಾ ಆ ಮೀನಿಗೆ ಮುತ್ತು ಕೊಟ್ಟ ಹಾಗೆ.

ಅಕ್ಕ ಅಡುಗೆಮನೆಯಿಂದ ತೆಂಗಿನಕಾಯಿ ತಂದು, ಜುಟ್ಟು ಕಿತ್ತು ದಿಟ್ಟಿಸಿದಳು. "ಮುಕ್ಕಣ್ಣ ಅಂದ್ಕೊಂಡು ಇಷ್ಟು ವರ್ಷ ಮೀನಿಗೆ ಕೈ ಮುಗೀತಿದ್ನಾ?" ಎಂದಳು. ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ. "ಹೆಸರಿಗೆ ಇಂಥ ಕಥೆ ಇರ್ಬೇಕು ನೋಡು. ನಂದಕ್ಕೇನಿದೆ?"

ಅಕ್ಕನ ಹೆಸರು ಸಾಕಮ್ಮ. ನಾಲ್ಕನೆಯದೂ ಹೆಣ್ಣಾಯಿತು, ಇನ್ನು ಸಾಕು ಎಂದು ದೇವರಿಗೆ ತಿಳಿಸಲು ಇಟ್ಟ ಹೆಸರು. ಅವಳ ಬೆನ್ನಿಗೇ ನಾನು ಹುಟ್ಟಿದೆ. ಹೆಸರು ಫಲಿಸಿತು ಎಂದು ಊರವರೆಲ್ಲ ಅವಳೆದುರೇ ಹೇಳುತ್ತಿದ್ದರು.

ನಾಮಕರಣದ ದಿನ ಅಕ್ಕ ಹೊಸ ಸೀರೆಯುಟ್ಟು ಬಂದಳು. ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಹೇಳಿಯಾದರೂ ಏಳಲಿಲ್ಲ, ಇನ್ನೂ ಏನೋ ಪಿಸುಗುಟ್ಟುತ್ತಲೇ ಇದ್ದಳು.

"ಎರಡಕ್ಷರದ ಹೆಸರಿಗೆ ಇಷ್ಟು ಹೊತ್ತೇನಕ್ಕ?" ಎಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೆಸರು ಹೇಳ್ದೆ ಕಣೋ. ಆಮೇಲೆ, ನೀನು ನಮಗೆ ಬೇಕು ಅಂತಾನೂ ಹೇಳ್ದೆ."