ಒಂದೇ ದಾಖಲೆಯ ಇಬ್ಬರು

ವಿಶ್ವವಿದ್ಯಾಲಯದಲ್ಲಿ ಒಬ್ಬ ವ್ಯಕ್ತಿಗೆ ಒಂದೇ ದಾಖಲೆ ಇರತಕ್ಕದ್ದು ಎಂಬುದು ಸರ್ವಾನುಮತದಿಂದ ಅಂಗೀಕೃತವಾದ ನಿಯಮ. ಒಂದು ದಾಖಲೆಗೆ ಎಷ್ಟು ಮಂದಿ ಇರಬಹುದೆಂಬ ಬಗ್ಗೆ ನಿಯಮ ಏನೂ ಹೇಳಿರಲಿಲ್ಲ.

ದತ್ತಾಂಶ ವಿಭಾಗದ ಸಂಶೋಧಕಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಒಂದು ತಂತ್ರಾಂಶ ಬರೆದಿದ್ದಳು. ಎರಡೆರಡು ಸಲ ನಮೂದಾದವರನ್ನು ಪತ್ತೆಹಚ್ಚಿ ಒಂದಾಗಿಸುವುದು ಅದರ ಕೆಲಸ. ಕುಲಸಚಿವರು ಮೆಚ್ಚಿ, ಅದನ್ನು ಇಡೀ ವಿಶ್ವವಿದ್ಯಾಲಯದ ದತ್ತಾಂಶದ ಮೇಲೆ ಓಡಿಸಿದರು. ಮರುದಿನವೇ ಅವಳಿಗೆ ಅವರಿಂದ ಕರೆ ಬಂತು.

"ನೀವೂ ನಿಮ್ಮ ಪ್ರೊಫೆಸರೂ ಒಬ್ಬರೇ ಅಂತ ಬಂದಿದೆಯಮ್ಮ."

"ಅದು ಹೇಗೆ ಸಾರ್?"

"ಇಬ್ಬರಿಗೂ ಒಂದೇ ಕೋಣೆ, ಒಂದೇ ಫೋನು. ನೀವು ಬರೆದ ಲೇಖನಗಳಲ್ಲೆಲ್ಲ ಅವರ ಹೆಸರು. ಪಾಪ, ತಂತ್ರಾಂಶ ಇನ್ನೇನು ತಿಳ್ಕೋಬೇಕು?"

"ಅವರು ಹೆಸರು ಹಾಕಿಸಿಕೊಂಡಿದ್ದಷ್ಟೇ ಸಾರ್. ಒಂದು ಸಾಲೂ ಬರೆದಿಲ್ಲ!"

"ಹಾಗಂತ ಅವರೇ ಲಿಖಿತವಾಗಿ ಕೊಡಲಿ. ಬೇರೆ ಮಾಡೋಣ."

ಅವಳ ಮಾರ್ಗದರ್ಶಕರಾದ ಪ್ರೊಫೆಸರು ಚಹಾ ಕುಡಿಯುತ್ತಿದ್ದರು. "ನಾನು ಬರೆದಿಲ್ಲ ಅಂತ ನಾನೇ ಬರ್ಕೊಡಬೇಕಾ? ಒಬ್ಬರೇ ಆದರೆ ತಪ್ಪೇನು? ನಿನ್ನನ್ನ ಎಂದಾದರೂ ಬೇರೆಯವಳು ಅಂದುಕೊಂಡಿದ್ದೀನಾ?" ಎಂದು ನೊಂದುಕೊಂಡರು. ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಡಾಕ್ಟರೇಟಿನ ಮೌಖಿಕ ಪರೀಕ್ಷೆ ಹತ್ತಿರದಲ್ಲಿತ್ತು, ಅವರ ಖಾಲಿ ಲೋಟ ಎತ್ತಿಕೊಂಡು ಹೊರಟಳು.

ಸುತ್ತೋಲೆ ಹೊರಬಿತ್ತು: "ವಿಲೀನಗೊಂಡ ದಾಖಲೆಯಲ್ಲಿ ಹೆಸರು ಮತ್ತು ಭಾವಚಿತ್ರ ಕಿರಿಯರದ್ದೂ, ಹುದ್ದೆ ಮತ್ತು ಜನ್ಮದಿನಾಂಕ ಹಿರಿಯರದ್ದೂ ಇರತಕ್ಕದ್ದು. ಉಳಿದ ವಿಷಯಗಳಲ್ಲಿ ಸಂಬಂಧಪಟ್ಟವರು ಹೊಂದಿಕೊಂಡು ಹೋಗತಕ್ಕದ್ದು."

ಗೇಟಿನ ಕಾವಲುಗಾರ ಪ್ರೊಫೆಸರನ್ನು ತಡೆದ. "ಫೋಟೋದಲ್ಲಿ ಜಡೆ ಇದೆ ಸಾರ್. ನಿಮಗೆಲ್ಲಿದೆ?" ಈಗ ಅವರು ಬೇಕಾದ್ದನ್ನು ಬರೆದುಕೊಡಲು ತಯಾರಾದರು. ಆದರೆ ತಕರಾರು ಅರ್ಜಿಯನ್ನು ಖುದ್ದಾಗಿ ಒಳಗೆ ಬಂದು ಸಲ್ಲಿಸಬೇಕಿತ್ತು.

ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿಯ ಕುರ್ಚಿಯೂ ಮಾರ್ಗದರ್ಶಕರ ಕುರ್ಚಿಯೂ ಅವಳದೇ. ಎಲ್ಲ ಪ್ರಶ್ನೆಗಳಿಗೂ ಪಟಪಟನೆ ಉತ್ತರಿಸಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಮಾರ್ಗದರ್ಶಕರಿಗೆ ಸಮಾಧಾನವೇ?" ಎಂದಾಗ ಎದ್ದು ಆಚೆ ಕುರ್ಚಿಗೆ ಹೋಗಿ, ಗಂಭೀರವಾಗಿ "ಸಮಾಧಾನ" ಎಂದು, ವಾಪಸು ಬಂದು ಕೂತಳು. ಡಾಕ್ಟರೇಟ್ ಸಿಕ್ಕಿತು. ಅವಳ ಕಣ್ಣು ತುಂಬಿ ಬಂತು.

ಚಪ್ಪಾಳೆ ನಿಲ್ಲುವ ಮೊದಲೇ ಕುಲಸಚಿವರು ಎದ್ದುನಿಂತರು. "ದಾಖಲೆಯ ಪ್ರಕಾರ ಇವರ ಸೇವಾವಧಿ ಇಂದಿಗೆ ಮುಗಿಯಿತು. ವಿಶ್ರಾಂತ ಜೀವನ ಸುಖಕರವಾಗಿರಲಿ."

"ಸಾರ್, ನನಗೆ ಇಪ್ಪತ್ತೆಂಟು!"

ಕುಲಸಚಿವರು ಮೆಚ್ಚುಗೆಯಿಂದ ತಲೆದೂಗಿದರು. "ನಿಜ ಕಣಮ್ಮ, ನಿಮ್ಮನ್ನ ನೋಡಿದರೆ ವಯಸ್ಸೇ ಗೊತ್ತಾಗಲ್ಲ."

ಹೂಗುಚ್ಛ, ಗೋಡೆ ಗಡಿಯಾರ ಹಿಡಿದು ಅವಳು ಹೊರಬಂದಾಗ, ಗೇಟಿನಾಚೆ ನಿಂತಿದ್ದ ಪ್ರೊಫೆಸರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಅಮ್ಮನ ಫೋನು.

"ಪಾಸಾದ್ಯೇನೇ?"

"ಪಾಸೂ ಆದೆ, ರಿಟೈರೂ ಆದೆ ಅಮ್ಮ."

"ಒಳ್ಳೇದೇ ಆಯ್ತು ಬಿಡು. ಇನ್ನಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡು."