ಫೋಲ್ಡರಿನೊಳಗಿನ ಮಾವ

ಕಂಪ್ಯೂಟರ್ ವಿಷಯದಲ್ಲಿ ನಮ್ಮೂರು ಗಾಳಿಬೀಡಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಬೇರೆ ಯಾರೂ ಆ ಉಸಾಬರಿಗೆ ಹೋಗುವುದಿಲ್ಲ ಎಂಬುದು ಬೇರೆ ಮಾತು. ನಮ್ಮ ಹೋಂಸ್ಟೇಯ ವೆಬ್‌ಸೈಟನ್ನು ಒಂದು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ಸ್ವತಃ ನಾನೇ ಬರೆದಿದ್ದೆ.

ಮಾವ ಪೂವಯ್ಯನವರು ತೀರಿಹೋದ ಮೇಲೆ ಒಂದು ತೊಂದರೆ ಶುರುವಾಯಿತು. ಅತಿಥಿಗಳನ್ನು ಬೆಟ್ಟ ಹತ್ತಿಸುತ್ತಿದ್ದವರು ಅವರೇ. ಪುಟಪುಟದಲ್ಲೂ ಅವರ ಹೆಸರಿತ್ತು. ಫೋನ್ ಮಾಡಿದವರೆಲ್ಲ, "ಪೂವಯ್ಯ ಅಂಕಲ್ ಬರ್ತಾರಲ್ವಾ?" ಎಂದು ಕೇಳುತ್ತಿದ್ದರು. ಕೊನೆಯ ಪುಟದಲ್ಲಿ ಶ್ರದ್ಧಾಂಜಲಿ ಹಾಕಿದ್ದೆವು. ಅಲ್ಲಿಯವರೆಗೆ ಓದುವವರು ಯಾರು?

"ಅಪ್ಪ ಇಲ್ಲ, ಅಪ್ಪ ಇಲ್ಲ ಅಂತ ದಿನಾ ಎಷ್ಟು ಜನಕ್ಕೆ ಹೇಳೂದು?" ಎಂದಳು ನನ್ನ ಹೆಂಡತಿ ಭವಾನಿ. "ಇನ್ನು ನನ್ನಿಂದ ಆಗೂದಿಲ್ಲ. ಆ ಹೆಸರು ತೆಗೀರಿ." ಅವಳ ಕಣ್ಣು ತುಂಬಿತ್ತು.

ಹುಡುಕಲು ಎಡಿಟರಿನಲ್ಲಿ ಮೂರು ದಾರಿಗಳಿದ್ದವು. ಒಂದು ತೆರೆದ ಪುಟದಲ್ಲಿ ಮಾತ್ರ ಹುಡುಕುತ್ತದೆ, ಇನ್ನೊಂದು ಒಂದು ಫೋಲ್ಡರಿನಲ್ಲಿ, ಮತ್ತೊಂದು ಫೋಲ್ಡರಿನೊಳಗಿನ ಫೋಲ್ಡರಿಗೂ ಇಳಿಯುತ್ತದೆ. ಸುಮ್ಮನೆ ಮೂರನೆಯದನ್ನು ಬಳಸಿದ್ದರೆ ಕೆಲಸ ಮುಗಿಯುತ್ತಿತ್ತು. ನಾನು ಮೂರೂ ಒಟ್ಟಿಗೆ ಓಡುವಂತೆ ಕೀಬೋರ್ಡಿನ ಒಂದೇ ಕೀಗೆ ಕಟ್ಟಿದೆ! ಸಿಕ್ಕಿದ್ದನ್ನೆಲ್ಲ ಒಂದು ಫೈಲಿನಲ್ಲಿ ಬರೆದಿಡಬೇಕು, ಯಾವ ಫೈಲು ಬದಲಾದರೂ ತಾನಾಗಿ ಮತ್ತೆ ಹುಡುಕಬೇಕು ಎಂದೂ ಅಪ್ಪಣೆ ಕೊಟ್ಟೆ.

ಸಂಜೆಯಾಗಿತ್ತು. ಮಂಜು ಜಗಲಿಯವರೆಗೆ ಬಂದಿತ್ತು. ಕೀ ಒತ್ತಿದೆ. ಪರದೆಯ ಮೇಲೆ ಮಾವನ ಹೆಸರು ಸಾಲುಸಾಲಾಗಿ ಬಂತು. ಕೈ ತೆಗೆದೆ. ಸಾಲುಗಳು ಇಮ್ಮಡಿಯಾದವು. ನಾನು ಏನನ್ನೂ ಮುಟ್ಟಿರಲಿಲ್ಲ. ಮತ್ತೆ ಇಮ್ಮಡಿಯಾದವು. ಪೂವಯ್ಯ, ಪೂವಯ್ಯ, ಪೂವಯ್ಯ... ಅಳಿಸಿದರೆ ಮರುಕ್ಷಣ ಅದೇ ಹೆಸರು. ಜಗಲಿಯಲ್ಲಿ ಮಲಗಿದ್ದ ಮಾವನ ನಾಯಿ ಎದ್ದು, ಅವರ ಖಾಲಿ ಬೆತ್ತದ ಕುರ್ಚಿಯನ್ನು ನೋಡಿ ಬಾಲ ಅಲ್ಲಾಡಿಸಿತು.

"ಎಂಥದು ಅದು?" ಎನ್ನುತ್ತ ಭವಾನಿ ಬಂದಳು.

"ಮಾವ," ಎಂದೆ.

ಅವಳು ಪರದೆಯನ್ನೇ ನೋಡುತ್ತ ನಿಂತಳು. "ಈ ವರ್ಷ ಅಪ್ಪಂಗೆ ಎಡೆ ಇಟ್ಟಿಲ್ಲ. ಅದರ ಮೇಲೆ ಹೆಸರೂ ತೆಗೀಲಿಕ್ಕೆ ಹೊರಟಿದ್ದೇವೆ. ಸುಮ್ಮನಿರ್ತಾರಾ?"

ವಿಜ್ಞಾನವನ್ನು ದೃಢವಾಗಿ ನಂಬುವ ನಾನು ತಕ್ಷಣ ಹಂದಿಮಾಂಸ ತರಲು ಜೀಪು ಹತ್ತಿದೆ.

ಹಂದಿ ಸಾರು, ಅಕ್ಕಿರೊಟ್ಟಿ, ಅವರಿಗಿಷ್ಟದ ಬ್ರಾಂಡಿ ಎಲ್ಲ ಬಡಿಸಿದೆವು. ಹಿರಿಯರು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಅಷ್ಟರಲ್ಲಿ ಕರೆಂಟು ಹೋಗಿ ಬಂತು. ಒಳಗೆ ಹೋಗಿ ನೋಡಿದರೆ ಪರದೆ ಖಾಲಿ. "ಅಪ್ಪಂಗೆ ಸಮಾಧಾನ ಆಯ್ತು," ಎಂದು ಭವಾನಿ ಕಣ್ಣೊರೆಸಿಕೊಂಡಳು.

ಬೆಳಿಗ್ಗೆ ಧೈರ್ಯ ಬಂದ ಮೇಲೆ ಕಾರಣ ಸಿಕ್ಕಿತು. ಸಿಕ್ಕಿದ್ದನ್ನು ಬರೆದಿಡುವ ಫೈಲನ್ನು, ಹುಡುಕುವ ಫೋಲ್ಡರಿನಲ್ಲೇ ಇಟ್ಟಿದ್ದೆ. ನನ್ನ ಕೀ ತಾನು ಬರೆದದ್ದನ್ನು ತಾನೇ ಹುಡುಕಿ, ಮತ್ತೆ ಬರೆದು, ಮತ್ತೆ ಹುಡುಕುತ್ತಿತ್ತು. ನಾಯಿ ಬಾಲ ಅಲ್ಲಾಡಿಸಿದ್ದೇಕೆ ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಫೈಲನ್ನು ಬೇರೆಡೆ ಇಟ್ಟೆ. ಹೆಸರನ್ನು ಬರಿದೇ ಅಳಿಸಿದರೆ ವಾಕ್ಯಗಳು ಅರ್ಧಕ್ಕೆ ನಿಲ್ಲುತ್ತವೆ. ಅತಿಥಿಗಳನ್ನು ಬೆಟ್ಟಕ್ಕೆ ಕರೆದೊಯ್ಯುವವರು ಇನ್ನು ಯಾರು? ನಾನೇ ತಾನೆ! ಪೂವಯ್ಯ ಎಂದಿದ್ದಲ್ಲೆಲ್ಲ ಒಂದೇ ಏಟಿಗೆ ಸೋಮಯ್ಯ ಎಂದು ನನ್ನ ಹೆಸರು ಹಾಕಿ, ವೆಬ್‌ಸೈಟಿಗೆ ಏರಿಸಿ, ಮೀಸೆ ತಿರುವಿದೆ.

ಮಧ್ಯಾಹ್ನ ಫೋನ್ ಬಂತು. ನಾನೇ ಎತ್ತಿದೆ. ಹಳೆಯ ಅತಿಥಿಯೊಬ್ಬರು, ಧ್ವನಿ ನಡುಗುತ್ತಿತ್ತು. "ಸೋಮಯ್ಯನವರು ಹೋಗಿಬಿಟ್ರಂತೆ. ವೆಬ್‌ಸೈಟಿನ ಕೊನೇ ಪುಟದಲ್ಲಿ ಈಗ ನೋಡಿದೆ. ತಾವು ಯಾರು ಮಾತಾಡ್ತಿರೋದು?"

ಒಂದು ಕ್ಷಣ ನನಗೂ ಖಚಿತವಿರಲಿಲ್ಲ.

ಭವಾನಿ ಫೋನ್ ಕಿತ್ತುಕೊಂಡಳು. "ಇಲ್ಲ ಸಾರ್, ಇದ್ದಾರೆ. ಇಲ್ಲೇ ಕೂತಿದ್ದಾರೆ," ಎಂದಳು. ಎಷ್ಟೋ ತಿಂಗಳ ಮೇಲೆ ಅವಳು ಫೋನಿನಲ್ಲಿ 'ಇದ್ದಾರೆ' ಎಂದಿದ್ದಳು. ಹೇಳುತ್ತಲೇ ನಕ್ಕುಬಿಟ್ಟಳು.

ಆಮೇಲೆ ತಟ್ಟೆ ತಂದಿಟ್ಟಳು. ಎಡೆಗೆ ಮಾಡಿ ಉಳಿದ ಹಂದಿ ಸಾರು.

"ಉಣ್ಣಿ," ಎಂದಳು. "ಈಗ ನೀವೂ ಹಿರಿಯರಲ್ವಾ. ಉಂಡು ಸುಮ್ಮನಿರಿ, ಮತ್ತೆ ಮತ್ತೆ ಎದ್ದು ಬರ್ಬೇಡಿ."

ನಾಯಿ ನನ್ನತ್ತ ನೋಡಿತು. ಬಾಲ ಮಾತ್ರ ಅಲ್ಲಾಡಿಸಲಿಲ್ಲ.