ನಮ್ಮ ಕಾರಿನ ಕರೆಂಟು ಕುಡಿದ ಟ್ರಾನ್ಸ್‌ಫಾರ್ಮರ್ ಸಾಹೇಬರಿಗೆ

ಮಾನ್ಯರೇ,

ಬೀದಿಯ ಮೂಲೆಯಲ್ಲಿ, ಬೇಕರಿಯ ಗೋಡೆಗೆ ಬೆನ್ನು ಕೊಟ್ಟು, 'ಅಪಾಯ' ಎಂಬ ಬಿರುದನ್ನು ಎದೆಯ ಮೇಲೆ ಧರಿಸಿ, ಹಗಲಿರುಳೂ ಗುಂಯ್‌ಗುಡುತ್ತ ನಿಂತಿರುವ ತಮ್ಮ ಘನ ಸನ್ನಿಧಾನಕ್ಕೆ ಇದೇ ಬೀದಿಯ ಕನ್ನಡಕದ ಅಂಗಡಿಯವನ ಅನಂತ ನಮಸ್ಕಾರಗಳು. ಹತ್ತಿರ ಬಂದು ಕೈಕುಲುಕುವ ಆಸೆಯೇನೋ ಇದೆ. ಆದರೆ ತಮ್ಮ ಕೈಕುಲುಕಿದವರು ಆಮೇಲೆ ಪತ್ರ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲವೆಂದು ಕೇಳಿರುವುದರಿಂದ ದೂರದಿಂದಲೇ ಬಿನ್ನವಿಸಿಕೊಳ್ಳುತ್ತಿದ್ದೇನೆ.

ಸಂಜೆಯಾದೊಡನೆ ಬೀದಿಯವರೆಲ್ಲ ಒಟ್ಟಿಗೆ ಒಲೆ, ಇಸ್ತ್ರಿಪೆಟ್ಟಿಗೆ, ಏಸಿಗಳನ್ನು ಹಚ್ಚುವುದರಿಂದ ತಮಗೆ ಏದುಸಿರು ಬರುತ್ತದೆಂದೂ, ಆ ಹೊತ್ತಿನಲ್ಲಿ ನಮ್ಮ ಎಲೆಕ್ಟ್ರಿಕ್ ಕಾರು ತನ್ನ ಬ್ಯಾಟರಿಯ ಕರೆಂಟನ್ನು ತಂತಿಗೆ ವಾಪಸು ಕೊಟ್ಟು ತಮ್ಮ ಕೈಹಿಡಿಯಬೇಕೆಂದೂ, ಬೀದಿ ಮಲಗಿದ ಮೇಲೆ ತಾವು ಅದನ್ನು ಮತ್ತೆ ತುಂಬಿಸಿಕೊಡುವಿರೆಂದೂ ಕರೆಂಟು ಕಂಪನಿಯವರು ಮನೆಗೇ ಬಂದು ವಿವರಿಸಿದರು. "ಕಾರು ಹೆಂಗಿದ್ರೂ ಸುಮ್ನೆ ನಿಂತಿರುತ್ತಲ್ಲ ಸಾರ್, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ" ಎಂದ ಅವರ ಮಾತಿಗೆ ನಾನು ಕರಗಿ ನೀರಾದೆ. ಅಂದಿನಿಂದ ಎದುರುಮನೆಯ ಸಂಗೀತದ ಮೇಷ್ಟ್ರ ಕೋಣೆಯಲ್ಲಿ ದೀಪ ಕಂಡರೆ ಸಾಕು, ಅದು ನಮ್ಮ ಕಾರಿನ ಬೆಳಕೆಂದು ಮೀಸೆ ತಿರುವುತ್ತಿದ್ದೆ. ಮೇಷ್ಟ್ರು ಹಾಡಲು ಶುರುಮಾಡಿದಾಗ ಮಾತ್ರ ಕೊಂಚ ಪಶ್ಚಾತ್ತಾಪವಾಗುತ್ತಿತ್ತು.

ಈಗ ತಮಗೆ ನಮ್ಮ ಅತ್ತೆಯವರನ್ನು ಪರಿಚಯಿಸಬೇಕು. ನನ್ನ ಹೆಂಡತಿಯ ತಾಯಿ. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತರಾದರೂ ಕೊರಳಿನ ಸೀಟಿಗೆ ಇನ್ನೂ ನಿವೃತ್ತಿ ಕೊಟ್ಟಿಲ್ಲ. ಅವರ ಅಕ್ಕ ನದಿಯಾಚೆಯ ಆರೈಕೆ ಕೇಂದ್ರದಲ್ಲಿ ಹಾಸಿಗೆ ಹಿಡಿದಿದ್ದಾರೆ. ಆ ಅಕ್ಕನನ್ನು ನೋಡಬೇಕೆಂದರೆ ಅತ್ತೆ ನನ್ನ ಅಂಗಡಿಯ ರಜಾದಿನಕ್ಕಾಗಿ ಕಾಯಬೇಕಿತ್ತು, ಮತ್ತು ರಜಾದಿನ ಬಂತೆಂದರೆ ನನಗೆ ತಲೆನೋವು ಬರುವುದು ವಾಡಿಕೆಯಾಗಿತ್ತು. "ನಿಮ್ಮ ತಲೆ ನೆಟ್ಟಗಾಗೋವರೆಗೂ ನನ್ನಕ್ಕ ಕಾಯ್ತಾಳಾ ಅಳಿಯಂದ್ರೇ?" ಎಂದವರೇ ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತುಬಿಟ್ಟರು.

ಕಲಿತದ್ದು ಹೆಚ್ಚಾಯಿತು. ಲೈಸೆನ್ಸಿನ ಪರೀಕ್ಷಕರು ಎರಡು ಸಲವೂ ಅತ್ತೆಯನ್ನು ಒಂದೇ ಕಾರಣಕ್ಕೆ ಫೇಲು ಮಾಡಿದರು: ವೇಗ. ಎರಡನೆಯ ಸಲ ಆ ಪರೀಕ್ಷಕರು ಕಾರಿನಿಂದಿಳಿದು ಫುಟ್‌ಪಾತಿನ ಮೇಲೆ ಕುಕ್ಕರಿಸಿ ನೀರು ಕೇಳಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮೂರನೆಯ ಸಲವೂ ಫೇಲಾದರೆ, ಅಥವಾ ಹಾಜರಾಗದಿದ್ದರೆ, ಮುಂದಿನ ಅವಕಾಶಕ್ಕೆ ಇಡೀ ವರ್ಷ ಕಾಯಬೇಕೆಂಬುದು ನಿಯಮ. ಅಕ್ಕನ ಬಳಿ ಅಷ್ಟು ಸಮಯವಿಲ್ಲವೆಂದು ವೈದ್ಯರು ಬಾಯಿಬಿಟ್ಟೇ ಹೇಳಿದ್ದರು.

ಪರೀಕ್ಷೆಯ ಹಿಂದಿನ ಸಂಜೆ ಸೆಕೆಯೋ ಸೆಕೆ. ಅರ್ಧ ಬ್ಯಾಟರಿಯನ್ನು ಮುಟ್ಟಬಾರದೆಂದು ನಾನು ಮೊಬೈಲಿನಲ್ಲಿ ಸ್ಪಷ್ಟವಾಗಿ ನಮೂದಿಸಿದ್ದರೂ, ತುರ್ತು ಸಂದರ್ಭದಲ್ಲಿ ತಾವು ಎಷ್ಟು ಬೇಕಾದರೂ ಹೀರಬಹುದೆಂದು ಒಪ್ಪಂದದ ಕೊನೆಯಲ್ಲಿ, ಕನ್ನಡಕ ಮಾರುವ ನನಗೂ ಭೂತಗನ್ನಡಿ ಬೇಕಾಗುವಷ್ಟು ಚಿಕ್ಕ ಅಕ್ಷರದಲ್ಲಿ ಬರೆದಿತ್ತಂತೆ. ತಾವು ಹೀರಿದಿರಿ. ಬೆಳಗಾಗುವವರೆಗೂ ಸೆಕೆ ಇಳಿಯಲಿಲ್ಲವಾದ್ದರಿಂದ ತುಂಬಿಸಿಕೊಡಲು ತಮಗೆ ಪುರುಸೊತ್ತೂ ಆಗಲಿಲ್ಲ. ಬೆಳಿಗ್ಗೆ ನೋಡಿದರೆ ಸ್ಟಿಯರಿಂಗಿನ ಹಿಂದೆ ಪುಟ್ಟ ಆಮೆಯ ಚಿತ್ರವೊಂದು ಮಿನುಗುತ್ತಿತ್ತು. ಬ್ಯಾಟರಿ ತಳ ಕಂಡಿದೆ, ಇನ್ನು ತೆವಳುವುದಷ್ಟೇ ಸಾಧ್ಯ ಎಂದು ಅದರ ಅರ್ಥ. ಪರೀಕ್ಷೆಯ ಕಚೇರಿ ಪಕ್ಕದ ಬೀದಿಯಲ್ಲೇ ಇದ್ದದ್ದು ನಮ್ಮ ಪುಣ್ಯ.

ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆ ಹಲ್ಲು ಕಚ್ಚಿ ಆಕ್ಸಿಲರೇಟರ್ ತುಳಿದರು; ಕಾರು ಊಟ ಮುಗಿಸಿ ಅಡ್ಡಾಡಲು ಹೊರಟವರಂತೆ ಹೊರಟಿತು. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡಿದ್ದ ತಾಯಿಯೊಬ್ಬಳು ಹಿಂದಿನಿಂದ ಬಂದು ಮುಂದೆ ಹೋದಳು. ಫುಟ್‌ಪಾತಿನಲ್ಲಿ ಜೊತೆಗೆ ನಡೆಯುತ್ತಿದ್ದ ನಾನು ಆಗಾಗ ನಿಂತು ಕಾಯಬೇಕಾಯಿತು. ಕೊನೆಗೆ ಪರೀಕ್ಷಕರು ಕಣ್ಣೊರೆಸಿಕೊಂಡು, "ಇಷ್ಟು ತಾಳ್ಮೆಯಿಂದ ಗಾಡಿ ಓಡಿಸೋರನ್ನ ನಾನು ಇವತ್ತೇ ನೋಡಿದ್ದಮ್ಮ" ಎಂದು ಪಾಸು ಮಾಡಿಬಿಟ್ಟರು. ಅತ್ತೆ ಕೂತಲ್ಲೇ ಕೊರಳಿನ ಸೀಟಿಯನ್ನೊಮ್ಮೆ ಊದಿದರು.

ಅಂದರೆ ಮಾನ್ಯರೇ, ಪಾಸಾದದ್ದು ಅತ್ತೆಯಾದರೂ ಪಾಸು ಮಾಡಿಸಿದ್ದು ತಾವು. ಅದಕ್ಕಾಗಿಯೇ ಈ ದೂರು. ಈಗ ಪ್ರತಿ ಸಂಜೆ, ಸರಿಯಾಗಿ ತಮಗೆ ಏದುಸಿರು ಬರುವ ಹೊತ್ತಿಗೆ, ಕಾರು ನದಿಯಾಚೆ ಇರುತ್ತದೆ. ಅತ್ತೆ ಅಕ್ಕನ ತಲೆ ಬಾಚುತ್ತ ಕೂತಿರುತ್ತಾರೆ. ಅಕ್ಕ ನಮ್ಮ ಹಾರ್ನಿನ ಸದ್ದು ಕೇಳಿದರೆ ಕಣ್ಣು ಬಿಡುತ್ತಾರಂತೆ. ಇತ್ತ ನಮ್ಮ ಬೀದಿಯ ಕರೆಂಟು ಹೋಗುತ್ತದೆ, ಮೇಷ್ಟ್ರು ಕತ್ತಲಲ್ಲೇ ಹಾಡುತ್ತಾರೆ, ಬೀದಿಯವರು ನನ್ನನ್ನು ದುರುಗುಟ್ಟಿ ನೋಡುತ್ತಾರೆ. ಆದ್ದರಿಂದ ತಾವು ದಯಮಾಡಿ ಸಂಜೆಯ ಹೊತ್ತು ನದಿ ದಾಟಿ ಆರೈಕೆ ಕೇಂದ್ರದ ಗೇಟಿನವರೆಗೆ ಬಂದು ತಮಗೆ ಬೇಕಾದಷ್ಟು ಕರೆಂಟು ಕುಡಿದು ಹೋಗಬೇಕಾಗಿ ಪ್ರಾರ್ಥನೆ. ಅದು ಕಷ್ಟವಾದರೆ ಸೆಕೆಗಾದರೂ ಒಂದು ಮಾತು ಹೇಳಿ.

ವಾರಕ್ಕೆ ಒಂದೆರಡು ಸಂಜೆಯಾದರೂ ಕಾರನ್ನು ತಮಗೆ ಬಿಟ್ಟುಕೊಡುವಂತೆ ನಾನು ಅತ್ತೆಯವರಲ್ಲಿ ಕೇಳಿಯೂ ನೋಡಿದೆ. ಅವರು ಸೀಟಿ ಊದಲಿಲ್ಲ, ರೇಗಲಿಲ್ಲ. "ಆ ಟ್ರಾನ್ಸ್‌ಫಾರ್ಮರ್ ಮುಂದಿನ ವರ್ಷಾನೂ ಅಲ್ಲೇ ನಿಂತಿರುತ್ತೆ, ಅಳಿಯಂದ್ರೇ. ನನ್ನಕ್ಕ ಇರಲ್ಲ" ಎಂದು ಕೀಲಿ ತೆಗೆದುಕೊಂಡು ಹೊರಟರು. ಇದಕ್ಕೆ ತಮ್ಮ ಬಳಿ ಉತ್ತರವಿದ್ದರೆ ತಿಳಿಸಿ. ನನಗಂತೂ ರಜಾದಿನದ ತಲೆನೋವು ಕೂಡ ಈಚೆಗೆ ಬರುತ್ತಿಲ್ಲ.

ಕತ್ತಲಲ್ಲೂ ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ಬೀದಿಯನ್ನು ಬೆಳಗಿಸಿದ್ದಕ್ಕಾಗಿ ಕಂಪನಿಯವರು ನನಗೊಂದು ಪ್ರಶಸ್ತಿಪತ್ರ ಕಳಿಸಿದ್ದಾರೆ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಅದರಲ್ಲಿ ಏನು ಬರೆದಿದೆಯೆಂದು ಕರೆಂಟು ಬಂದ ಮೇಲೆ ಓದಿ ತಿಳಿಸುತ್ತೇನೆ.